ಕಬ್ಬಿಣದವರ ಆಟ

ದಿಂಡಿಗಲ್ಲಿನ ಸಂತೆಯಿಂದ ಕಪ್ಪು ದ್ರಾಕ್ಷಿ ತಂದ ದಿನ ನಾನು ಅದನ್ನು ಕೂಡಲೇ ತೊಳೆಯುವುದಿಲ್ಲ. ಮೊದಲು ಗೊಂಚಲನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತೇನೆ. ಹಣ್ಣಿನ ಮೇಲೆ ಒಣಗಿ ನಿಂತ ನೀಲಿ ಕಲೆಗಳಲ್ಲಿ ಮೈಲುತುತ್ತ, ಸುಣ್ಣ ಕಲಸಿ ಹೊಡೆದ ಔಷಧಿಯ ವಾಸನೆ ಇರುತ್ತದೆ. ನಮ್ಮ ಮನೆಯ ಜನಕ್ಕೆಲ್ಲ ಅದೇ ವಾಸನೆ ಇತ್ತು. ತಮಿಳುನಾಡಿನ ಕಂಬಂ ಕಣಿವೆಯಲ್ಲಿ, ಗೂಡಲೂರಿನ ಹತ್ತಿರ, ದ್ರಾಕ್ಷಿ ಚಪ್ಪರಕ್ಕೆ ಬೆನ್ನು ಕೊಟ್ಟು ನಿಂತಿದ್ದ ಮನೆ. ಅಜ್ಜ, ಅಜ್ಜಿ, ಅವರ ಗಂಡುಮಕ್ಕಳು, ಸೊಸೆಯರು, ಕೊನೆಯ ಮಗಳು, ನಾವು ಮೊಮ್ಮಕ್ಕಳು, ಎಲ್ಲ ಸೇರಿ ಮೂವತ್ತರ ಹತ್ತಿರ ಇದ್ದೆವು. ಹೊರಗೆಲ್ಲ ತಮಿಳು, ಹೊಸಿಲು ದಾಟಿದರೆ ತಲೆಮಾರುಗಳ ಹಿಂದೆ ನಮ್ಮವರು ಜೊತೆಗೆ ತಂದ ಹಳೆಯ ಕನ್ನಡ. ಚಪ್ಪರದ ಕೆಳಗಿನ ಹಸಿರು ಬೆಳಕಿನಲ್ಲಿ ಕೈಯೆತ್ತಿ ಕೆಲಸ ಮಾಡುವಾಗ ಯಾವ ಕೈ ಯಾರದೆಂದು ಗೊತ್ತಾಗುತ್ತಿರಲಿಲ್ಲ, ಎಲ್ಲರ ಬೆರಳೂ ನೀಲಿ. ಒಬ್ಬರಿಗೆ ಹಸಿವಾದರೆ ಎಲ್ಲರಿಗೂ ಎಲೆ ಹಾಕುತ್ತಿದ್ದರು. ಆ ಮನೆ ಈಗ ಎಲ್ಲಿದೆ ಎಂದು ಕೇಳಬೇಡಿ. ನಿಮ್ಮದು ಎಲ್ಲಿಗೆ ಹೋಯಿತೋ ಅದೂ ಅಲ್ಲಿಗೇ ಹೋಯಿತು.

ಭಾನುವಾರ ಬೆಳಗ್ಗೆ ಟೀವಿಯಲ್ಲಿ ತಮಿಳಿಗೆ ಡಬ್ ಮಾಡಿದ ಒಂದು ಪರದೇಶದ ಧಾರಾವಾಹಿ ಬರುತ್ತಿತ್ತು. ಆಕಾಶದಲ್ಲಿ ಓಡುವ ಹಡಗು, ಅದರಲ್ಲೊಬ್ಬ ಕ್ಯಾಪ್ಟನ್, ಅವನನ್ನು ಅಟ್ಟಿಸಿಕೊಂಡು ಬರುವ ಅರ್ಧ ಯಂತ್ರದ ಜನ. ಅವರ ಕತ್ತಿನ ಹಿಂದೆ ಒಂದೊಂದು ತಂತಿ. ಮೈ ಸಾವಿರವಿದ್ದರೂ ಮನಸ್ಸು ಒಂದೇ. ಒಬ್ಬ ಕಂಡದ್ದು ಎಲ್ಲರಿಗೂ ಕಾಣುತ್ತಿತ್ತು. ಸಿಕ್ಕಿದವನ ಕತ್ತಿಗೆ ತಂತಿ ಚುಚ್ಚಿ ತಮ್ಮವನನ್ನಾಗಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ಅವನೂ ‘ನಾವು’ ಎಂದೇ ಮಾತಾಡುತ್ತಿದ್ದ. ನಾವು ಮಕ್ಕಳು ಅವರಿಗೆ ಕಬ್ಬಿಣದವರು ಎಂದು ಹೆಸರಿಟ್ಟಿದ್ದೆವು. ಕಥೆ ಕಟ್ಟಿದವರು ಅವರನ್ನು ಕಂಡು ಜನ ನಡುಗಲಿ ಎಂದುಕೊಂಡಿದ್ದರೋ ಏನೋ. ನಮ್ಮ ಮನೆಯಲ್ಲಿ ನಡುಗುವುದಿರಲಿ, ಎಲ್ಲರೂ ಅವರಿಗೆ ಮನಸೋತರು. ಅಜ್ಜ ತೊಡೆ ತಟ್ಟಿ, “ನೋಡ್ರೋ, ಜಗಳಾ ಇಲ್ಲೆ, ಪಾಲು ಕೇಳೋನಿಲ್ಲೆ. ಕುಡುಂಬ ಅಂದ್ರೆ ಇದು!” ಎನ್ನುತ್ತಿದ್ದ. ಅಜ್ಜಿಗೆ ಕ್ಯಾಪ್ಟನ್ನನ್ನು ಕಂಡರೆ ಮರುಕ. ಅವನು ಹಡಗಿನ ಮೂಲೆಯಲ್ಲಿ ಪೊಟ್ಟಣ ಬಿಚ್ಚಿ ತಿನ್ನುವಾಗಲೆಲ್ಲ, “ಅಯ್ಯೋ ಪಾವ, ಒಬ್ಬನೇ ಉಣ್ತಾನಲ್ಲಾ. ಅವ್ರತ್ರ ಹೋಗಿ ಸೇರ್ಕೊಂಡ್ರೆ ಆಗಲ್ವಾ?” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹಾಗಾಗಿ ನಾವು ಆಡುತ್ತಿದ್ದ ಕಬ್ಬಿಣದವರ ಆಟದಲ್ಲಿ ಕ್ಯಾಪ್ಟನ್ ಆಗಲು ಯಾವ ಮಗುವೂ ಒಪ್ಪುತ್ತಿರಲಿಲ್ಲ. ಆ ಪಾಲು ಯಾವಾಗಲೂ ಸಣ್ಣತ್ತೆ ರಾಸಮ್ಮನದು. ಅವಳು ಅಪ್ಪನ ಕೊನೆಯ ತಂಗಿ, ಇನ್ನೂ ಮದುವೆಯಾಗಿರಲಿಲ್ಲ. ನಮ್ಮನ್ನೆಲ್ಲ ಮುದ್ದಿನಿಂದ ‘ಕಣ್ಣು’ ಎಂದೇ ಕರೆಯುತ್ತಿದ್ದಳು. ದಾವಣಿ ಸೊಂಟಕ್ಕೆ ಸಿಕ್ಕಿಸಿಕೊಂಡು ಚಪ್ಪರದ ಕಲ್ಲುಕಂಬಗಳ ನಡುವೆ ಅವಳು ಓಡುತ್ತಿದ್ದರೆ ಹಿಡಿಯುವುದು ಸುಲಭವಿರಲಿಲ್ಲ. ಆಟಕ್ಕೊಂದು ಕಟ್ಟಳೆಯಿತ್ತು: ಒಂದು ಕೈ ಮುಟ್ಟಿದರೆ ಲೆಕ್ಕಕ್ಕಿಲ್ಲ, ಎಲ್ಲರ ಕೈಯೂ ಒಟ್ಟಿಗೆ ಅವಳ ಮೈಮೇಲೆ ಬೀಳಬೇಕು. ಒಬ್ಬರು ಇಬ್ಬರು ಹಿಡಿದರೆ ಕೊಡವಿಕೊಂಡು ಓಡುತ್ತಿದ್ದಳು. ಕೊನೆಯ ಕೈಯೂ ಬಿದ್ದಾಗ ಕಂಬದ ಹಾಗೆ ಸೆಟೆದು ನಿಂತು, ಕಣ್ಣರಳಿಸಿ, ಕೊಳವೆಯೊಳಗಿಂದ ಬಂದ ದನಿಯಲ್ಲಿ “ನಾವೂ...” ಎನ್ನುತ್ತಿದ್ದಳು. ನಾವು ನೆಲಕ್ಕೆ ಬಿದ್ದು ನಗುತ್ತಿದ್ದೆವು. ಅವಳ ಮೈ ಬೆವರಿಗೆ ಬೆಚ್ಚಗಿರುತ್ತಿತ್ತು.

ನಮ್ಮವರ ತೀರ್ಮಾನಗಳೆಲ್ಲ ಒಂದು ಕರಿ ಕಂಬಳಿಯ ಮೇಲೆ ಆಗುತ್ತಿದ್ದವು. ಅಜ್ಜ ಅದನ್ನು ಅಂಗಳದಲ್ಲಿ ಹಾಸಿ ನಡುವೆ ನೀರಿನ ಚೊಂಬು ಇಡುತ್ತಿದ್ದ. ಮಾತು ಮುಗಿದ ಮೇಲೆ ಮನೆಯವರೆಲ್ಲ ಕಂಬಳಿಯ ಅಂಚು ಮುಟ್ಟಬೇಕು. ಮುಟ್ಟಿದರೆ ಅದು ಎಲ್ಲರ ಮಾತು. ಅದನ್ನು ಮತ್ತೆ ಬದಲಿಸಬೇಕಾದರೆ ಅದೇ ಕಂಬಳಿಯ ಮೇಲೆ ಕೂತೇ ಬದಲಿಸಬೇಕು. ಒಂದು ಬೆಳಗ್ಗೆ ಸಣ್ಣತ್ತೆಯನ್ನು ಅವಳ ಸೋದರಮಾವನ ಮಗನಿಗೆ ಕೊಡುವುದೆಂದು ತೀರ್ಮಾನವಾಯಿತು. ವಾವೆಯಲ್ಲಿ ಅವನಿಗೆ ಹೆಣ್ಣು ಕೇಳುವ ಹಕ್ಕಿತ್ತು. ಮೊದಲ ಹೆಂಡತಿಯನ್ನು ಹೊಡೆದು ತವರಿಗೆ ಅಟ್ಟಿದ ಆಸಾಮಿ ಅವನು, ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರೂ ಅಂಚು ಮುಟ್ಟಿದರು. ಸಣ್ಣತ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ನಾ ಒಲ್ಲೆ. ಅವ ಹೆಂಗಸ್ರ ಮೇಲೆ ಕೈ ಮಾಡೋನು. ನಾ ಮುಟ್ಟೋದಿಲ್ಲೆ” ಎಂದಳು. ಅಜ್ಜ ಕೂಗಾಡಲಿಲ್ಲ. “ಸರಿ ತಾಯಿ. ಹಂಗಾರೆ ನೀ ನಮ್ಮೋಳಲ್ಲ” ಎಂದು ಹೇಳಿ, ಉಳಿದವರಿಗೆ ಇನ್ನೊಂದು ಸಲ ಅಂಚು ಮುಟ್ಟುವಂತೆ ಕೈಸನ್ನೆ ಮಾಡಿದ. ನನ್ನ ಅಂಗೈಯನ್ನು ಅವ್ವ ತನ್ನ ಅಂಗೈ ಕೆಳಗಿಟ್ಟುಕೊಂಡು ಒತ್ತಿದಳು. ಕಂಬಳಿ ಒರಟಾಗಿತ್ತು.

ಆಮೇಲೆ ಯಾರೂ ಅವಳನ್ನು ಬೈಯಲಿಲ್ಲ, ಹೊಡೆಯಲೂ ಇಲ್ಲ. ಊಟದ ಸಾಲಿನಲ್ಲಿ ಅವಳ ಎಲೆ ಬೀಳಲಿಲ್ಲ, ಅಷ್ಟೇ. ಎರಡೂ ಕಡೆಯವರು ಸರಿದು ಕೂತು ಜಾಗ ಮುಚ್ಚಿಬಿಟ್ಟರು. ಅಂಗಳದಲ್ಲಿ ಅವಳು ಎದುರಾದರೆ ಚಪ್ಪರದ ಕಂಬವನ್ನು ಬಳಸಿ ಹೋದ ಹಾಗೆ ಬಳಸಿ ಹೋಗುತ್ತಿದ್ದರು. ಕಬ್ಬಿಣದವರೂ ಹಾಗೇ ಅಲ್ಲವೇ, ಬೇಡವಾದವನು ಪಕ್ಕದಲ್ಲೇ ನಿಂತಿದ್ದರೂ ಕತ್ತು ತಿರುಗಿಸದೆ ನಡೆಯುತ್ತಿದ್ದರು. ನನಗೆ ಆಗ ತುಂಬ ದುಃಖವಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನ. ಆದರೆ ಆಗಲಿಲ್ಲ. ಮನೆಯ ಮಂದಿಯೆಲ್ಲ ಒಂದೇ ಸಲ ಮುಖ ತಿರುಗಿಸುವಾಗ ಅವರ ನಡುವೆ ನಾನೂ ಇದ್ದೇನೆ ಎನ್ನುವುದು ಎಂಥ ಹಿತ! ಅಷ್ಟು ಬೆಚ್ಚಗೆ ನಾನು ಮತ್ತೆಂದೂ ಇರಲಿಲ್ಲ. ಆ ಧಾರಾವಾಹಿಯ ಖಳರಲ್ಲಿ ನಮಗೆ ಇಷ್ಟವಾದದ್ದೂ ಇದೇ.

ಆ ಭಾನುವಾರ ಟೀವಿ ಮುಗಿಸಿ ಮಕ್ಕಳೆಲ್ಲ ಚಪ್ಪರದ ಕೆಳಗೆ ಬಂದೆವು. ಸಣ್ಣತ್ತೆ ಅಲ್ಲೇ ಇದ್ದಳು. ದಾವಣಿ ಸಿಕ್ಕಿಸಿಕೊಂಡು, “ಬರ್ರೋ, ನಾನೇ ಕ್ಯಾಪ್ಟನ್ನು. ಹಿಡೀರೋ!” ಎಂದು ನಾಲ್ಕು ಮಾರು ಓಡಿದಳು. ಹಿಂದೆ ಯಾರೂ ಬರಲಿಲ್ಲ. ತಿರುಗಿ ಬಂದಳು. ಈ ಸಲ ಓಡಲಿಲ್ಲ, ಎರಡೂ ತೋಳು ಚಾಚಿ ನಮ್ಮೆದುರು ನಿಂತಳು. “ಓಡಲ್ಲ, ಇಲ್ಲೇ ನಿಂತಿರ್ತೀನಿ. ಹಿಡೀರೋ, ಕಣ್ಣುಗಳಾ.” ನಾವು ತಲೆಯೆತ್ತಿ ದ್ರಾಕ್ಷಿ ಗೊಂಚಲು ನೋಡುತ್ತಿದ್ದೆವು. ಹಿತ್ತಲ ಬಾಗಿಲಿಂದ ಅಜ್ಜಿ ಊಟಕ್ಕೆ ಕರೆದಳು. ಸಣ್ಣತ್ತೆಯ ಎಡಕ್ಕೆ ಕೆಲವರು, ಬಲಕ್ಕೆ ಕೆಲವರು ಹಾದು ಎಲ್ಲರೂ ಒಳಗೆ ಹೋದೆವು. ಮಾರನೆಯ ದಿನ ಅವಳು ಬತ್ತಲಗುಂಡಿನ ಬಸ್ಸು ಹತ್ತಿದಳು.

ಅಜ್ಜ ಕಣ್ಣು ಮುಚ್ಚಿದ್ದೇ ತಡ, ಪಾಲು ಕೇಳದ ಕುಡುಂಬ ಚಪ್ಪರದ ಕಲ್ಲುಕಂಬಗಳನ್ನೂ ಕಿತ್ತು ಹಂಚಿಕೊಂಡಿತು. ಮನೆ ಬಿತ್ತು, ಬಳ್ಳಿ ಒಣಗಿತು, ಒಬ್ಬರ ಮನೆಗೆ ಇನ್ನೊಬ್ಬರು ಕರೆಯದೆ ಹೋಗುವುದು ನಿಂತಿತು. ನಮ್ಮ ಮಕ್ಕಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲಿ ಬರುತ್ತದೆ. ನನಗೆ ಈಗಲೂ ಆ ಮನೆ ಬೇಕು. ಅಂಥ ಮನೆಗಾಗಿ ನಾಚಿಕೆಯಿಲ್ಲದೆ ಅಳುತ್ತೇನೆ.

ಹೋದ ಬೇಸಿಗೆಯಲ್ಲಿ ಬತ್ತಲಗುಂಡಿಗೆ ಹೋಗಿ ಸಣ್ಣತ್ತೆಯನ್ನು ಹುಡುಕಿದೆ. ಸಂತೆಯ ಹಿಂದಿನ ಬೀದಿಯಲ್ಲಿ ಇಡ್ಲಿ ಬೇಯಿಸಿ ಮಾರುತ್ತ ಒಬ್ಬಳೇ ಇದ್ದಾಳೆ. ತಲೆಯೆಲ್ಲ ಬೆಳ್ಳಗಾಗಿದೆ. ನನ್ನ ಗುರುತು ಹಿಡಿದವಳು ಯಾರ ಕ್ಷೇಮವನ್ನೂ ವಿಚಾರಿಸಲಿಲ್ಲ. “ಕಂಬ್ಳಿ ಯಾರತ್ರ ಐತೆ?” ಎಂದು ಕೇಳಿದಳು. ಪಾಲಿನಲ್ಲಿ ಅದನ್ನು ಯಾರೂ ಕೇಳಲಿಲ್ಲ, ಪಂಪ್‌ಸೆಟ್ಟಿಗೆ ಹೊದಿಸಿದ್ದರು, ಎಣ್ಣೆ ಕುಡಿದು ಕೊಳೆತ ಮೇಲೆ ಸುಟ್ಟರು ಎಂದೆ. ಅವಳು ಒಲೆಗೆ ಸೌದೆ ತಳ್ಳಿದಳು. “ಒಂದಿನ ಕೂಗ್ತಾರೆ, ಕಂಬ್ಳಿ ಹಾಸ್ತಾರೆ, ನನ್ನ ತಿರ್ಗಾ ಸೇರ್ಸ್ಕೊತಾರೆ ಅಂತ ಇದ್ದೆ” ಎಂದಳು.

ನಾನು ಅವಳ ಪಕ್ಕಕ್ಕೆ ಸರಿದು ಕೂತೆ. ಆಟದಲ್ಲಿ ಮಾಡುತ್ತಿದ್ದ ಹಾಗೆ ಅವಳ ಹೆಗಲ ಮೇಲೆ ಕೈಯಿಟ್ಟು ಕಾದೆ. ಅವಳು ಒಂದು ಸಲ ಕಣ್ಣರಳಿಸಿ ‘ನಾವು’ ಎಂದುಬಿಟ್ಟರೆ ಸಾಕಿತ್ತು. ಅವಳು ನನ್ನ ಹಿಂದೆ ಬೇರೆ ಯಾರಾದರೂ ಬಂದಿದ್ದಾರೋ ಎಂದು ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ಎತ್ತಿ ನನ್ನ ಮಡಿಲಲ್ಲೇ ಇಟ್ಟಳು.

“ಒಂದು ಕೈ ಸಾಲ್ದು, ಕಣ್ಣು” ಎಂದು ಇಡ್ಲಿ ಇಳಿಸಲು ಎದ್ದಳು.