ಮುಂದಿನ ಟೈರಿಗೆ ಇಪ್ಪತ್ತಾರು

ಕುರ್ಲಾದ ಮಿಸ್ತ್ರಿಯ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಕಡೆ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಉಳಿದ ಒಂಬತ್ತು ಬೆರಳುಗಳ ಸಂದಿಯಲ್ಲಿ ಗ್ರೀಸಿನ ಕಪ್ಪು ನೆಲೆಸಿದ್ದರೂ ಆ ಒಂದು ಬೆರಳು ಮಾತ್ರ ಸ್ವಚ್ಛ. ಟೈರಿನ ಸವೆತವನ್ನು ಅವರು ಮುಟ್ಟಿ ನೋಡುತ್ತಿದ್ದದ್ದು ಅದರಿಂದಲೇ, ತಾಯಿ ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

ಆ ಭಾನುವಾರ ಮಗಳು ಬೆಳಿಗ್ಗೆ ಐದಕ್ಕೇ ಕಾರು ತೆಗೆದುಕೊಂಡು ಹೊರಟುಹೋಗಿದ್ದಳು. ನಮ್ಮ ಮನೆಯವರು ಕೆಲಸದ ಮೇಲೆ ದೆಹಲಿಗೆ ಹೋಗಿದ್ದರು. ನಾನು ಹಾಲು ಕಾಯಿಸಿದೆ, ನಲ್ಲಿ ನಿಲ್ಲುವುದರೊಳಗೆ ಡ್ರಮ್ಮು ತುಂಬಿಸಿದೆ, ಒರೆಸುವ ಬಟ್ಟೆಗಳನ್ನು ನೆನೆಹಾಕಲು ಎತ್ತಿಕೊಂಡೆ. ಹಳದಿ ಬಟ್ಟೆಯೊಂದಕ್ಕೆ ಸೀಮೆಸುಣ್ಣ ಮೆತ್ತಿಕೊಂಡಿತ್ತು. ಅದನ್ನು ನೋಡುತ್ತ ಅಲ್ಲೇ ನಿಂತೆ.

ಆ ಸೀಮೆಸುಣ್ಣ ಬಂದದ್ದು ಮಿಸ್ತ್ರಿಯ ಗ್ಯಾರೇಜಿನಿಂದ.

ಮಗಳು ಹಳೆಯದೊಂದು ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕೊಂಡಿದ್ದಳು. ಘಾಟಿನಾಚೆ ಒಂದು ರೇಸ್ ಟ್ರ್ಯಾಕು. ಅಲ್ಲಿ ಆಗಾಗ ಒಂದು ದಿನ ಯಾರು ಬೇಕಾದರೂ ತಮ್ಮ ಕಾರನ್ನು ಮನಸ್ಸು ತೃಪ್ತಿಯಾಗುವಷ್ಟು ಓಡಿಸಬಹುದಂತೆ. ಮೊದಲ ಸಲ ಹೋದಾಗಲೇ ಇವಳ ಕಾರು ತಿರುವಿನಲ್ಲಿ ತಿರುಗದೆ ನೇರ ಹುಲ್ಲಿಗೆ ಹೋಗಿ ನಿಂತಿತ್ತು. "ಸ್ಟಿಯರಿಂಗ್ ಪೂರಾ ತಿರುಗಿಸಿದೆ ಅಮ್ಮಾ, ಮೂತಿ ಮಾತ್ರ ಸೀದಾ!" ಎಂದು ನಗುತ್ತ ಹೇಳಿದಳು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಯಾರೋ ಹೇಳಿದರೆಂದು ಅವಳು ಕುರ್ಲಾದ ಈ ಮಿಸ್ತ್ರಿಯನ್ನು ಹಿಡಿದಳು. ಸ್ಟೇಷನ್ನಿನ ಹಿಂದೆ, ತಗಡಿನ ಕಾರ್ಖಾನೆಗಳ ನಡುವೆ ಅವರ ಗ್ಯಾರೇಜು. ವಿಜಯಪುರದ ಕಡೆಯವರು, ಮುಂಬಯಿಗೆ ಬಂದು ನಲವತ್ತು ವರ್ಷವಾದರೂ ನಾಲಿಗೆ ಅಲ್ಲಿಯದೇ. ಅವರ ಬಾಯಲ್ಲಿ ಕನ್ನಡ ಕೇಳಿದ ಕೂಡಲೇ ನನಗೆ ಅರ್ಧ ಧೈರ್ಯ ಬಂತು. ಮಗಳು "ಕಾಕಾ" ಎನ್ನುತ್ತಿದ್ದಳು. ಅವರು ಅವಳನ್ನು "ಅವ್ವಿ" ಎನ್ನುತ್ತಿದ್ದರು, ನನ್ನನ್ನು "ಅಕ್ಕಾರ".

ಆ ಭಾನುವಾರ ಟ್ರ್ಯಾಕಿಗೆ ಹೊರಡುವ ಹಿಂದಿನ ದಿನ ಮಗಳಿಗೆ ಆಫೀಸು. ಕಾರು ಒಯ್ದವಳು ನಾನು. ಚಕ್ರಗಳ ಅಳತೆ ತೆಗೆಯುವಾಗ ಓಡಿಸುವವರ ತೂಕ ಸೀಟಿನಲ್ಲಿರಬೇಕೆಂಬುದು ಅವರ ಹಟ. ಖಾಲಿ ಗಾಡಿ ಒಂದು ಥರ ನಿಲ್ಲುತ್ತದೆ, ಆಳು ಕೂತ ಗಾಡಿ ಇನ್ನೊಂದು ಥರ ಎನ್ನುತ್ತಿದ್ದರು.

"ಅವ್ವಿ ಎಷ್ಟ ಕೇಜಿ ಅದಾಳ್ರಿ?"

"ಐವತ್ತೆಂಟು."

ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಸ್ವಲ್ಪ ಜಾಸ್ತಿ ಆಗ್ತೀರಿ. ನಡೀತೈತಿ, ಚಪ್ಪಲಿ ಮತ್ತ ಆ ವ್ಯಾನಿಟಿ ಬ್ಯಾಗ ಹೊರಗಿಟ್ಟ ಕೂಡ್ರಿ" ಎಂದರು.

ಒಂದು ಗಂಟೆ ಅಲ್ಲಾಡದೆ ಕೂತಿದ್ದೆ. ಅವರು ಅಡಿಯಲ್ಲಿ ನುಸುಳುತ್ತ, ಏಳುತ್ತ ಕೆಲಸ ಮಾಡುತ್ತಿದ್ದರು. ಮುಂದಿನ ಚಕ್ರಗಳ ತಲೆಯನ್ನು ಒಂದಿಷ್ಟು ಒಳಕ್ಕೆ ವಾಲಿಸಿದರು. ಯಾಕೆಂದು ಕೇಳಿದ್ದಕ್ಕೆ ಬೆಂಚಿನ ಮೇಲೆ ಅಂಗೈಯನ್ನು ಊರಿ ತೋರಿಸಿದರು. ತಿರುವಿನಲ್ಲಿ ಗಾಡಿ ವಾಲಿದಾಗ ಕೈಯ ಅಂಚು ಮಾತ್ರ ನೆಲ ಹಿಡಿಯುತ್ತದೆ. ಮೊದಲೇ ವಾಲಿಸಿಟ್ಟಿದ್ದರೆ ಆ ಹೊತ್ತಿಗೆ ಪೂರ್ತಿ ಅಂಗೈ ಕೂರುತ್ತದೆ. ಮೂತಿ ಬೇಗ ತಿರುಗಲೆಂದು ಹಿಂದಿನ ಚಕ್ರಗಳ ನಡುವೆ ಅಡ್ಡಕ್ಕಿರುವ ಸರಳನ್ನು ಒಂದು ತೂತು ಸರಿಸಿ ಬಿಗಿ ಮಾಡಿದರು.

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಪಿಸುಗುಟ್ಟಿದೆ: "ಮಿಸ್ತ್ರಿಯವರೇ, ಸರಿ ಮಾಡಿಬಿಟ್ರೆ ಇನ್ನೂ ಜೋರಾಗಿ ಓಡಿಸ್ತಾಳೆ. ಮಾಡಿದ ಹಾಗೆ ಮಾಡಿ ಸುಮ್ನಿದ್ದುಬಿಡಿ. ಅವಳಿಗೇನು ಗೊತ್ತಾಗುತ್ತೆ?"

ಅವರು ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟರು. "ಅಕ್ಕಾರ, ಅಕಿ ಹೆಂಗಿದ್ರೂ ಹೋಗೂಕಿನ. ಮಾತ ಕೇಳದ ಗಾಡ್ಯಾಗ ಕಳಸೂಕಿಂತ ಕೇಳೂ ಗಾಡ್ಯಾಗ ಕಳಸೂಣಲ್ಲ?"

ಕೊನೆಗೆ ಗಾಳಿ ಅಳೆದು, ನಾಲ್ಕೂ ಟೈರುಗಳ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದರು. ಎಷ್ಟು ಗಾಳಿ ಇರಬೇಕೋ ಅದೇ ಆ ಅಂಕಿ. ಅವರ ಗಿರಾಕಿಗಳಿಗೆಲ್ಲ ತಿಳಿದದ್ದು. ನನಗೆ ತಿಳಿದಿರಲಿಲ್ಲ, ಬರೆದದ್ದನ್ನು ಬಾಯಲ್ಲಿ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಸಾಂತಾಕ್ರೂಜಿನ ಮನೆಗೆ ಮರಳುವ ದಾರಿಯಲ್ಲಿ ಸಿಗ್ನಲ್ಲಿನಲ್ಲಿ ರಿಕ್ಷಾದವನೊಬ್ಬ ಬಗ್ಗಿ ನೋಡಿ, "ಮೇಡಂ, ಆಗೇ ಹವಾ ಕಮ್ ಹೈ" ಎಂದ, ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಂತೆ. ಕಾರಿಗೆ ಯಾವಾಗಲೂ ಮೂವತ್ತಾರು ಎಂದು ನಮ್ಮ ಮನೆಯವರು ಕಲಿಸಿದ ಪಾಠ ನನಗೆ ಬಾಯಿಪಾಠ. ಪೆಟ್ರೋಲ್ ಪಂಪಿಗೆ ತಿರುಗಿಸಿ ನಾಲ್ಕಕ್ಕೂ ಮೂವತ್ತಾರು ಹಾಕಿಸಿದೆ. ಮನೆಗೆ ಬಂದು ಟೈರಿನ ಮೇಲಿನ ಗೀಚುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಹಚ್ಚಿದ ಅಭ್ಯಾಸ, ಸೀಮೆಸುಣ್ಣ ಕಂಡರೆ ಕೈ ಸುಮ್ಮನಿರುವುದಿಲ್ಲ. ಒರೆಸುವಾಗ ಮುಂದಿನದರ ಮೇಲೆ ಇಪ್ಪತ್ತಾರು ಎಂದು ಓದಿದ್ದೆ ಕೂಡ. ಗ್ಯಾರೇಜಿನ ನಂಬರಿರಬೇಕು ಎಂದುಕೊಂಡೆ.

ಆ ಬೆಳಿಗ್ಗೆ ಬಟ್ಟೆ ಕೈಯಲ್ಲಿ ಹಿಡಿದಾಗ ಇಪ್ಪತ್ತಾರೂ ಮೂವತ್ತಾರೂ ಅಕ್ಕಪಕ್ಕ ನಿಂತವು.

ಮಗಳ ಫೋನು ಹತ್ತಲಿಲ್ಲ. ಮಿಸ್ತ್ರಿಗೆ ಮಾಡಿದೆ. ಗಾಳಿ ಹಾಕಿಸಿದ್ದನ್ನೂ ಅಂಕಿ ಒರೆಸಿದ್ದನ್ನೂ ಹೇಳಿದೆ.

"ಟ್ರ್ಯಾಕಿನ್ಯಾಗ ಟೈರ ಕಾದಂಗ ಗಾಳಿ ಇನ್ನೂ ಏರತೈತಿ. ಹಿಂದ ಬ್ಯಾರೆ ಬಿಗಿ ಮಾಡೇನಲ್ರಿ. ಅದರ ಮ್ಯಾಲ ಇಷ್ಟ ಗಾಳಿ ಅಂದ್ರ ಮುಂದಿಂದೂ ಜಾರತೈತಿ, ಬಾಲಾನೂ ಹೊಡೀತೈತಿ. ಅಕಿ ನೋಡಂಗಿಲ್ಲ, ನಾ ಮಾಡೇನಿ ಅಂತ ನಂಬಿರ್ತಾಳ." ಆಮೇಲೆ, "ಗಾಡಿ ಬಿಡೂದು ಹತ್ತಕ್ಕ. ನಾ ಹೊಂಟೆ. ನೀವು ಫೋನ ಹಚ್ಚಕೋತ ಇರ್ರಿ. ಮುಟ್ಟಿದ ಮ್ಯಾಲ ಒಂದ ಮಿಸ್ಡ್ ಕಾಲ್ ಕೊಡ್ತೀನಿ" ಎಂದರು.

ಅರವತ್ತೈದು ದಾಟಿದವರು, ಒಂದು ಮೊಣಕಾಲು ಮಡಚಲು ಬಾರದವರು. ಗಾಳಿ ಅಳೆಯುವ ಮೀಟರನ್ನು ಜೇಬಿಗೆ ಹಾಕಿಕೊಂಡು ಶೇರ್ ಟ್ಯಾಕ್ಸಿಯಲ್ಲಿ ಘಾಟು ಹತ್ತಿದರು. ನಾನು ಅಕ್ಕಿ ಆರಿಸಿದೆ, ಆರಿಸಿದ್ದನ್ನೇ ಮತ್ತೆ ಆರಿಸಿದೆ. ಪ್ರತಿ ಐದು ನಿಮಿಷಕ್ಕೆ ಮಗಳ ನಂಬರು ಒತ್ತಿದೆ. ಒಂಬತ್ತೂವರೆಗೆ ರಿಂಗಾಯಿತು, ಯಾರೂ ಎತ್ತಲಿಲ್ಲ. ಹತ್ತಾಯಿತು. ಹತ್ತೂ ಹತ್ತಾಯಿತು. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳಿನ ಸದ್ದು ಆ ಮನೆಯ ಹದಿನಾರು ವರ್ಷದಲ್ಲಿ ಮೊದಲ ಸಲ ನನಗೆ ಕೇಳಿಸಿತು. ಹತ್ತೂ ಇಪ್ಪತ್ತಕ್ಕೆ ಮಿಸ್ತ್ರಿಯ ಫೋನು ಒಂದೇ ಒಂದು ಸಲ ಬಡಿದು ನಿಂತಿತು. ಮುಟ್ಟಿದರೆಂದು ತಿಳಿಯಿತು, ಅವಳು ಹೊರಡುವ ಮೊದಲೋ ಆಮೇಲೋ ತಿಳಿಯಲಿಲ್ಲ. ತಿರುಗಿ ಫೋನ್ ಮಾಡುವ ಧೈರ್ಯ ಬರಲಿಲ್ಲ. ಮಗಳ ಮೆಸೇಜು ಬಂದದ್ದು ಊಟದ ಹೊತ್ತಿಗೆ: ಎಲ್ಲ ಮಸ್ತ್, ಸಂಜೆ ಬರ್ತೀನಿ.

ಸಂಜೆ ಅವಳು ಮುಖ ತುಂಬ ಧೂಳು, ನಗು ಹೊತ್ತು ಬಂದಳು. "ಹೆಲ್ಮೆಟ್ ಹಾಕ್ಕೊಂಡು ಲೈನಲ್ಲಿದ್ದೆ ಅಮ್ಮಾ, ನನ್ನ ಮುಂದೆ ಎರಡೇ ಗಾಡಿ. ಕಾಕಾ ಕುಂಟ್ತಾ ಓಡಿ ಬಂದು ಬಾನೆಟ್ ಮೇಲೆ ಕೈ ಇಟ್ರು! ಗಾಳಿ ನೋಡೋದೇ ಮರ್ತುಬಿಟ್ಟಿದ್ರಂತೆ. ಎಲ್ಲರ ಎದುರಿಗೆ ಸಾರಿ ಕೇಳಿದ್ರು ಪಾಪ, ಬಿಚಾರೆ. ಆಮೇಲೆ ಕಾರು ಏಕ್‌ದಮ್ ನಾನು ನೋಡಿದ ಕಡೆ ತಿರುಗ್ತು!"

ನಾನು ಬಾಯಿ ತೆರೆದೆ. ಅವಳು ಸ್ನಾನಕ್ಕೆ ಹೋಗಿಬಿಟ್ಟಳು.

ಮರುದಿನ ಹೇಳೋಣವೆಂದುಕೊಂಡೆ, ಆಮೇಲೆ ಮುಂದಿನ ವಾರ. ಮಿಸ್ತ್ರಿ ಎಂದೂ ಆ ಮಾತು ಎತ್ತಲಿಲ್ಲ. ಹೋದ ವರ್ಷ ದಸರೆಯ ಮುಂಚೆ ಅವರು ಮಲಗಿದಲ್ಲೇ ತೀರಿಕೊಂಡರು. ನೋಡಲು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು, "ಕೆಲಸದಾಗ ಒಂದ ನಟ್ಟ ಸೈತ ಮರತವರಲ್ರಿ ಅಕ್ಕಾರ" ಎಂದರು. ಅಲ್ಲಿಯೂ ನಾನು ತಲೆಯಾಡಿಸಿದೆನಷ್ಟೆ. ಮಗಳು ಇದನ್ನು ಇಲ್ಲಿ ಓದಿ ತಿಳಿಯಲಿ, ಎದುರು ನಿಂತು ಹೇಳುವುದು ನನ್ನಿಂದಾಗಲಿಲ್ಲ.

ಹೇಳಬಹುದಾಗಿದ್ದದ್ದು ಆ ಭಾನುವಾರದ ಸಂಜೆಯೇ. ಮಗಳು ಸ್ನಾನದಲ್ಲಿರುವಾಗ ಮೂರನೇ ಮಹಡಿಯ ಮಂಗಳೂರು ಕಡೆಯ ಹೆಂಗಸು ಕರಿಬೇವು ಕೇಳಲು ಬಂದಿದ್ದರು. ಲಿಫ್ಟಿನಲ್ಲಿ ಮಗಳು ಅವರಿಗೆ ಎಲ್ಲ ಹೇಳಿ ಮುಗಿಸಿದ್ದಳು. ಕಡ್ಡಿಯಿಂದ ಒಣಗಿದ ಎಲೆಗಳನ್ನು ಕಿತ್ತು ಹಾಕುತ್ತ ಅವರು ಹೇಳಿದರು:

"ನಿಮ್ಮ ಆ ಕುರ್ಲಾದ ಮಿಸ್ತ್ರಿಗೆ ವಯಸ್ಸಾಯ್ತು ಮಾರಾಯ್ರೆ. ಗಾಳಿ ನೋಡ್ಲಿಕ್ಕೂ ಮರೆಯುದಾ? ಇನ್ನು ಬೇರೆ ಯಾರನ್ನಾದ್ರೂ ನೋಡಿ."