ಪರದೆಯ ಸಂದಿನ ಕೆರೆ

ಪರರ ಒಡವೆ ಕಂಡು ನನಗೆ ಎಂದೂ ಹೊಟ್ಟೆಕಿಚ್ಚಾಗಿಲ್ಲ. ಆದದ್ದು ಒಂದು ಮಡಿಸುವ ಸ್ಟೂಲು ಕಂಡು. ಹಸಿರು ಬಟ್ಟೆಯ ಬಡ ಸ್ಟೂಲು. ಅದರ ಮೇಲೆ ಮಾಲತಿಬಾಯಿ ಪಾಪನಾಶ ಕೆರೆಯ ದಂಡೆಯಲ್ಲಿ, ಹಾಡಹಗಲೇ, ಬಯಲಿನಲ್ಲಿ ಕೂತು ಚಿತ್ರ ಬರೆಯುತ್ತಿದ್ದರು.

ನಮ್ಮ ಬೀದರಿನಲ್ಲಿ ಮೂರು ಭಾಷೆಗಳು ಒಂದೇ ಓಣಿಯಲ್ಲಿ ಓಡಾಡುತ್ತವೆ. ಹೊಟ್ಟೆಕಿಚ್ಚಿಗೆ ಉರ್ದುವಿನವರು ಜಲನ್ ಎನ್ನುತ್ತಾರೆ, ಮರಾಠಿಯವರಿಗೂ ಜೀವ ಜಳಜಳ ಉರಿಯುತ್ತದೆ, ನಮ್ಮಲ್ಲಂತೂ ಕಿಚ್ಚು ನೇರ ಹೊಟ್ಟೆಯಲ್ಲೇ. ಒಲೆಯ ಮುಂದೆ ಕೂತು ಬಲ್ಲವಳಾಗಿ ಹೇಳುತ್ತೇನೆ, ಅದು ಕಿಚ್ಚಲ್ಲ, ಹಸಿ ಕಟ್ಟಿಗೆಯ ಹೊಗೆ. ಅಡಿಗೆ ಬೇಯುವುದಿಲ್ಲ, ಕಣ್ಣು ಮಾತ್ರ ಕೆಂಪಗಾಗುತ್ತದೆ.

ಅದುವರೆಗೆ ಊರಲ್ಲಿ ಚಿತ್ರ ಬರೆಯುವ ಹೆಂಗಸೆಂದರೆ ನಾನೊಬ್ಬಳೇ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಕಲಿತವಳು. "ಕಂಡದ್ದನ್ನು ಬರಿ, ಕಾಣದ್ದನ್ನು ಬಿಡು" ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕಂಡದ್ದೇ ಕಡಿಮೆ. ನಾವು ಹಿಂದೂಗಳೇ ಆದರೂ ನಿಜಾಮರ ಊರಿನ ಮರ್ಯಾದೆ ನಮ್ಮ ಮನೆತನಕ್ಕೂ ಅಂಟಿತ್ತು. ಸೊಸೆಯಂದಿರು ಹೊರಗೆ ಹೊರಟರೆ ಪರದೆ ಕಟ್ಟಿದ ಟಾಂಗಾದಲ್ಲೇ. ಹಾಗಾಗಿ ನನ್ನ ಕೆರೆ ಟಾಂಗಾದ ಕೆರೆ. ಮೊಣಕಾಲ ಮೇಲೆ ಮಣೆ, ಪಕ್ಕದಲ್ಲಿ ನೀರಿನ ತಂಬಿಗೆ, ಎರಡು ಕೆಂಪು ಪರದೆಗಳ ನಡುವೆ ಗೇಣಗಲದ ಸಂದು. ಕುದುರೆ ನೊಣ ಓಡಿಸಲು ಮೈ ಕೊಡವಿದಾಗಲೆಲ್ಲ, ಗಾಳಿಯಿಲ್ಲದಿದ್ದರೂ ನನ್ನ ಕೆರೆಯಲ್ಲಿ ಅಲೆ ಏಳುತ್ತಿತ್ತು.

ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಫೌಜು ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಆ ವರ್ಷ ಊರು ಕಂಡದ್ದನ್ನೆಲ್ಲ ಬರೆಯಲು ಇದು ಜಾಗವಲ್ಲ. ಕೆಲವರು ಮನೆ ಬಿಟ್ಟು ಹೋದರು, ಕೆಲವರು ತಿರುಗಿ ಬಂದರು. ಬಂದವರಲ್ಲಿ ನಮ್ಮ ಟಾಂಗಾದ ಮೆಹಬೂಬಸಾಬನೂ ಒಬ್ಬ. ಕಚೇರಿಗಳಿಗೆ ಹೊರಗಿನ ಅಧಿಕಾರಿಗಳು ಬಂದರು. ಧಾರವಾಡದ ಒಬ್ಬ ಅಧಿಕಾರಿಯ ಹೆಂಡತಿಯೇ ಮಾಲತಿಬಾಯಿ. ಸ್ಟೂಲು ಅವರ ಜೊತೆ ಬಂತು.

ಮಹಿಳಾ ಮಂಡಳದವರು ವಾಚನಾಲಯದಲ್ಲಿ ಪ್ರದರ್ಶನ ಇಟ್ಟರು. ಕಸೂತಿ, ಮಣಿಯ ತೋರಣ, ಅವುಗಳ ನಡುವೆ ಎರಡು ಕೆರೆ. ಮಾಲತಿಬಾಯಿಯದು ಬಾಗಿಲಿಗೆ ಎದುರಾಗಿ, ಕಂಬಳಿಯಷ್ಟು ಅಗಲ. ನನ್ನದು ಕಿಟಕಿಯ ಪಕ್ಕ, ಟವೆಲಿನ ಹಾಗೆ ಉದ್ದಕ್ಕೆ. ಬೆಳಿಗ್ಗೆ ಗಂಡಸರಿಗೆ, ಮಧ್ಯಾಹ್ನ ಹೆಂಗಸರಿಗೆ ಎಂದು ಏರ್ಪಾಡು. ಬೆಳಿಗ್ಗೆ ನೋಡಿ ಬಂದ ನಮ್ಮ ಯಜಮಾನರು ಊಟಕ್ಕೆ ಕೂತು ಅಂದರು:

"ಆ ಬಾಯಾರದು ಭಾರಿ ಬಂದದ. ಮಂದಿ ಸರೀಲಿಕ್ಕೇ ತಯಾರಿಲ್ಲ."

"ನಂದು?"

"ನಿಂದೂ ಅದ. ಖರೆ, ಎರಡೂ ಬಾಜೂಕ ಕೆಂಪ ಕಂಬಾ ಯಾಕ ನಿಲ್ಸೀದಿ?"

ಅವತ್ತು ಅವರಿಗೆ ಎರಡನೆಯ ರೊಟ್ಟಿಗೆ ತುಪ್ಪ ಬೀಳಲಿಲ್ಲ.

ಮಧ್ಯಾಹ್ನ ಹೆಂಗಸರು ಬಂದರು. ಅತ್ತೆಯವರ ಅಕ್ಕ, ಭಾಲ್ಕಿಯ ದೊಡ್ಡವ್ವ, ಮೊದಲು ದೊಡ್ಡ ಚಿತ್ರದ ಮುಂದೆ ನಿಂತು, "ಛಂದ ಅದ. ಯಾವೂರ ಕೆರಿರಿ ಇದು?" ಎಂದರು. ನಂತರ ನನ್ನದರ ಮುಂದೆ ಬಂದು ಕಿರುಚಿಯೇ ಬಿಟ್ಟರು. "ಏ, ಇದ ನೋಡ್ರೆ ನಮ್ಮ ಪಾಪನಾಶ! ಟಾಂಗಾದಾಗ ಕುಂತು ನೋಡಿದ್ರ ಹಿಂಗೇ ಕಾಣ್ತದ ನೋಡು!" ಔರಾದಿನಿಂದ ಬಂದವರು, ಮೈಲೂರಿನವರು, ಎಲ್ಲರೂ ಕಿಟಕಿಯತ್ತ ನುಗ್ಗಿದರು. ಗಂಡಸರಿಗೆ ಕಂಬವಾದದ್ದು ಇವರಿಗೆ ಕೇಳದೆಯೇ ಪರದೆ. ಮಾಲತಿಬಾಯಿ ತಮ್ಮ ಚಿತ್ರದ ಬಳಿ ಒಬ್ಬರೇ ಉಳಿದರು. ನನ್ನ ಹೊಗೆಯೆಲ್ಲ ಒಮ್ಮೆಗೇ ಆರಿತು.

ಆರಿದ್ದು ಗಳಿಗೆಯಷ್ಟೇ. ದೊಡ್ಡವ್ವ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, ನನ್ನ ಕಡೆ ತಿರುಗಿದರು. "ಪಡದಾ ಜರಾ ಸರಸಬಾರದಿತ್ತೇನವ್ವಾ? ದಂಡಿ ಮ್ಯಾಲಿನ ಗುಡಿ ಅರ್ಧಾನೇ ಉಳದದ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಷ್ಟು ವರ್ಷ ಬಣ್ಣ ಕಲಸಿದ್ದೆನೇ ಹೊರತು, ಕೈ ಚಾಚಿ ಪರದೆ ಸರಿಸಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಮಾಲತಿಬಾಯಿ ಬಂದು ನನ್ನ ಕೈ ಹಿಡಿದರು. "ವೈನಿ, ಒಂದ ಸಲ ನನ್ನ ನಿಮ್ಮ ಟಾಂಗಾದಾಗ ಕೂಡಸ್ತೀರೇನ್ರಿ? ನನಗೂ ಹಂಗ ಬರೀಬೇಕಾಗೇದ."

ನೋಡಿ, ಇಡೀ ಕೆರೆ ಅವರ ಹತ್ತಿರ ಇತ್ತು. ನನ್ನ ಒಂದು ಗೇಣು ಸಂದೂ ಬೇಕಾಯಿತು! ಇಲ್ಲ ಎನ್ನಲು ಬಾಯಿ ಬರಲಿಲ್ಲ. ಒಬ್ಬರನ್ನೇ ಕಳಿಸಿ ಮನೆಯಲ್ಲಿ ಕೂರಲು ಹೊಟ್ಟೆ ಬಿಡಲಿಲ್ಲ. ಜೊತೆಗೆ ಹೋದೆ. ಕೆರೆಯ ಬಳಿ ಅವರು ಮಣೆ, ಬಣ್ಣ ಎಲ್ಲ ಹರಡಿದಾಗ ಟಾಂಗಾದಲ್ಲಿ ನನಗೆ ಜಾಗವೇ ಇಲ್ಲ. ಅವರು ಮೊದಲ ಗೆರೆ ಎಳೆದರು. ಗೆರೆ ಚೆನ್ನಾಗಿತ್ತು. ಅದನ್ನು ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ. ಸೆರಗು ಬಿಗಿದು ಕೆಳಗೆ ಕಾಲಿಟ್ಟೆ.

ನಮ್ಮ ಅತ್ತೆಯವರ ನೆನಪಾಗಿ ಮೆಹಬೂಬಸಾಬ ಗಾಬರಿಯಾದ. "ಬಾಯಿಸಾಬ್, ಇಳದ್ರೇನ್ರಿ? ಅಮ್ಮಾಸಾಬ್ ಕೇಳಿದ್ರ ನಾ ಏನ್ ಜವಾಬು ಹೇಳ್ಲಿ?"

"ಕುದರಿ ಬೆದರಿತ್ತಂತ ಹೇಳು."

ಕುದುರೆ ನಿಂತಲ್ಲೇ ತೂಕಡಿಸುತ್ತಿತ್ತು.

ಕೆರೆಗೆ ಎಡ ಬಲ ಇವೆ ಎಂದು ಆವತ್ತು ತಿಳಿಯಿತು. ಗುಡಿ ಪೂರ್ತಿ ಇತ್ತು. ಆಚೆ ದಡದಲ್ಲಿ ಎಮ್ಮೆಗಳಿದ್ದವು, ಯಾರೋ ಕಂಬಳಿ ಒಗೆಯುತ್ತಿದ್ದರು. ಏನೂ ಬರೆಯಲಿಲ್ಲ, ಎಲ್ಲಿಂದ ಸುರು ಮಾಡುವುದೆಂದೇ ಗೊತ್ತಾಗಲಿಲ್ಲ. ನಡುನಡುವೆ ಮಾತ್ರ ಹಿಂತಿರುಗಿ ಪರದೆಯ ಕಡೆ ನೋಡುತ್ತಿದ್ದೆ, ಅಲ್ಲಿ ಹೇಗೆ ಬರುತ್ತಿದೆಯೋ ಎಂದು. ಮುಚ್ಚಿಡುವುದೇಕೆ, ನನ್ನದಕ್ಕಿಂತ ಚೆನ್ನಾಗಿಯೇ ಬಂತು.

ಹೊಟ್ಟೆಕಿಚ್ಚು ಪಡಬೇಡಿರೆಂದು ಹಿರಿಯರು ಹೇಳುತ್ತಾರೆ. ನಾನು ಅಷ್ಟು ಖಡಾಖಂಡಿತವಾಗಿ ಹೇಳಲಾರೆ. ದೊಡ್ಡ ಫೌಜು ಬಂದು ಇಡೀ ಸಂಸ್ಥಾನವನ್ನೇ ಬಿಡಿಸಿತು, ನಿಜ. ಆದರೆ ನನ್ನನ್ನು ಟಾಂಗಾದಿಂದ ಕೆಳಗಿಳಿಸಲು ಹೊಟ್ಟೆಕಿಚ್ಚೇ ಬರಬೇಕಾಯಿತು.