ಏಣಿ ಮೇಲೆಳೆದುಕೊಂಡ ರತ್ನಾಬಾಯಿ

ನಾಗಣಸೂರಿನಲ್ಲಿ ಸಿದ್ದಣ್ಣನವರ ಹಿತ್ತಲಿಗೆ ಬಿಸಿಲು ಬರುವುದು ಮೇವಿನ ಬಣವಿಯ ನೆತ್ತಿಯಿಂದ. ಅಲ್ಲಿ ಆಗಲೇ ರತ್ನಾಬಾಯಿ ಕೂತಿದ್ದಾರೆ. ಸೀರೆ ಕಚ್ಚೆ ಬಿಗಿದು, ತಲೆಗೆ ಟವೆಲ್ ಸುತ್ತಿ, ಕೆಳಗಿನಿಂದ ಹಾರಿ ಬರುವ ಜೋಳದ ದಂಟಿನ ಸೂಡುಗಳನ್ನು ಹಿಡಿದು ಮೊಣಕಾಲಿನಿಂದ ಒತ್ತಿ ಕೂರಿಸುತ್ತಾರೆ. ಒಂದೊಂದು ಸೂಡಿಗೂ ಒಂದೇ ಮಾತು, ದೇವರ ಹೆಸರು, "ಬೀರಪ್ಪಾ." ಕೈ ತಡವಾದರೂ ಆ ಕರೆಯ ತಾಳ ತಪ್ಪುವುದಿಲ್ಲ.

ವಯಸ್ಸು ಐವತ್ತಾರು. ದಿನಕ್ಕೆ ಆರುನೂರು ಸೂಡು, ಎರಡು ದಿನಕ್ಕೊಂದು ಬಣವಿ. ಮೊದಲು ಗಂಡ ಧೂಳಪ್ಪ ಮೇಲೆ ನಿಂತು ಬಣವಿ ಒಟ್ಟುತ್ತಿದ್ದರು, ಇವರು ಕೆಳಗಿಂದ ಸೂಡು ಎಸೆಯುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಧೂಳಪ್ಪ ತೀರಿಕೊಂಡರು. "ಇಪ್ಪತ್ತು ವರ್ಷ ಕೆಳಗ ನಿಂತು ಅವರ ಕೈ ನೋಡೀನ್ರಿ. ಮ್ಯಾಲ ಹತ್ತೂದೊಂದ ಬಾಕಿ ಇತ್ತು, ಹತ್ತಿದೆ."

ಊರು ಹತ್ತಲು ಬಿಟ್ಟಿತು, ಒಂದು ಷರತ್ತಿನ ಮೇಲೆ. ಬಣವಿಯ ಕೊನೆಯ ಸೂಡಿಗೆ ಬೀರಪ್ಪನ ಹೆಸರಲ್ಲಿ ಭಂಡಾರದ ಅರಿಶಿನ ಹಚ್ಚಿ ಇಡುವವನು ಮನೆಯ ಗಂಡಸು. ಗಂಡನಿಲ್ಲದವಳು ಅಷ್ಟೊತ್ತಿಗೆ ಇಳಿದಿರಬೇಕು. ರತ್ನಾಬಾಯಿ ಪ್ರತಿಸಲ ಇಳಿದರು.

ಹೋದ ವರ್ಷ ಇದೇ ಹಿತ್ತಲಲ್ಲಿ ಸಿದ್ದಣ್ಣನವರ ಮಗ ನಿತಿನ ಕೊನೆಯ ಸೂಡು ಇಟ್ಟ. ಬುಡ ಮೇಲೆ ಮಾಡಿ, ತುದಿಯನ್ನು ಕೊಡೆಯ ಹಾಗೆ ಕೆಳಕ್ಕೆ ಹರಡಬೇಕು. ಅವನು ದೇವರ ಮುಂದೆ ತೆನೆ ನಿಲ್ಲಿಸಿದ ಹಾಗೆ ತುದಿ ಮೇಲೆ ಮಾಡಿ ಚೆಂದಾಗಿ ನಿಲ್ಲಿಸಿ ಕೈಮುಗಿದ. ಮಳೆಗಾಲದಲ್ಲಿ ನೀರು ನಡುವಿಗೇ ಇಳಿಯಿತು. ಅರ್ಧ ಮೇವು ಕಪ್ಪಾಯಿತು, ಎತ್ತುಗಳು ಮೂಸಿ ಬಿಟ್ಟವು. ಊರು ಹೇಳಿದ್ದು ಮಾತ್ರ ಬೇರೆ: ಗಂಡನಿಲ್ಲದಾಕಿಯ ಕೈ ಹತ್ತಿತು, ಅದಕ್ಕ ಮೇವು ಕೊಳೀತು. ಈ ಸಲ ನಾಲ್ಕು ಮನೆಯವರು ಇವರನ್ನು ಕರೆಯಲೇ ಇಲ್ಲ. ಇನ್ನೊಂದು ಬಣವಿ ಕೊಳೆತರೆ ಕೆಲಸ ಮುಗಿದಂತೆ.

ಈ ಬೆಳಿಗ್ಗೆ ಹಿತ್ತಲಲ್ಲಿ ಹದಿನೇಳು ಮಕ್ಕಳೂ ಇದ್ದಾರೆ. ಅಕ್ಕಲಕೋಟದಿಂದ ಎಸ್.ಟಿ. ಬಸ್ಸಿಗೆ ಬರುವ ಉಜ್ವಲಾ ಟೀಚರ್ ಊರ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ‘ಟಾಪ್‌ಮೋಸ್ಟ್’ ಎಂಬ ಶಬ್ದಕ್ಕೆ ಪುಸ್ತಕದಲ್ಲಿ ಗುಡ್ಡದ ಚಿತ್ರವಿದೆ. ಅದನ್ನು ನೋಡಿ ಮಕ್ಕಳೆಲ್ಲ ‘ಭಾಳ ದೊಡ್ಡದು’ ಅಂತ ಅರ್ಥ ಬರೆದಿದ್ದಾರೆ. ಅದಕ್ಕೇ ಟೀಚರ್ ಅವರನ್ನು ಇಲ್ಲಿಗೆ ಕರೆತಂದಿದ್ದಾರೆ.

"ಏನಂದ್ರ ಅದು?" ಮೇಲಿನಿಂದ ರತ್ನಾಬಾಯಿ ಕೇಳುತ್ತಾರೆ.

"ಎಲ್ಲಾಕ್ಕಿಂತ ಮ್ಯಾಲಿನ ಜಾಗಾದಾಗ ಇರೂದು, ಮಾವಶಿ," ಟೀಚರ್ ಹೇಳುತ್ತಾರೆ.

ನೆತ್ತಿಗೆ ಇಡಲೆಂದು ಮೊದಲ ದಿನವೇ ಆರಿಸಿ ತೆಗೆದಿಟ್ಟ ತೆಳ್ಳನೆಯ ಸೂಡನ್ನು ಅವರು ಎತ್ತಿ ತೋರಿಸುತ್ತಾರೆ. "ನೋಡ್ರಿ, ಇದು ದೊಡ್ಡದೇನು? ಎಲ್ಲಾಕ್ಕಿಂತ ಸಣ್ಣದು. ನಿನ್ನಿ ನೆಲದ ಮ್ಯಾಲ ಬಿದ್ದಿತ್ತು, ಆವಾಗ ಇದಕ್ಕ ಆ ಹೆಸರಿಲ್ಲ. ಕೆಳಗ ಸಾವಿರ ಸೂಡು ತಡಕೊಂಡು ನಿಂತಾಗ ಇದು ಟಾಪ್‌ಮೋಸ್ಟ್. ಇದರ ಮ್ಯಾಲ ಮತ್ತೊಂದು ಬಂತಂದ್ರ ಹೆಸರು ಹೋತು."

"ದೊಡ್ಡ ಸಾಹೇಬರಿಗೂ ಹಂಗ ಅಂತಾರ, ಮಾವಶಿ. ಟಾಪ್‌ಮೋಸ್ಟ್ ಆಫೀಸರ್ ಅಂತ," ಟೀಚರ್ ಸೇರಿಸುತ್ತಾರೆ.

"ಅನ್ರಿ. ಅವರಿಗೂ ಕೆಳಗಿನ ಸೂಡಿನ ಮಾತು ಹೇಳ್ರಿ."

ಮಕ್ಕಳು ನಗುತ್ತಿರುವಾಗಲೇ ಸಿದ್ದಣ್ಣ ಭಂಡಾರದ ಬಟ್ಟಲು ಹಿಡಿದು ಬರುತ್ತಾರೆ. "ಸಾಕು, ಇಳಿಬೇ ರತ್ನಾಬಾಯಿ. ನಿತಿನ ಹತ್ತತಾನ."

ರತ್ನಾಬಾಯಿ ಬಗ್ಗಿ ಏಣಿಯ ತುದಿ ಹಿಡಿಯುತ್ತಾರೆ. ಒಂದು ಕಾಲು ಕೆಳಗಿಡುತ್ತಾರೆ ಎಂದು ಎಲ್ಲರೂ ನೋಡುತ್ತಿದ್ದರೆ, ಏಣಿಯೇ ಸರಸರ ಮೇಲೇರುತ್ತದೆ.

"ಏ! ಏನ ಹುಚ್ಚ ಹಿಡೀತೇನ ನಿನಗ?"

"ಹೋದ ವರ್ಷ ಮೇವು ಕೊಳತಾಗ ಯಾರ ಹೆಸರು ಬಂತ್ರಿ, ಅಣ್ಣಾರ?"

"ಊರ ಪದ್ಧತಿ ಅದು. ನಾ ಮಾಡೀನೇನು?"

"ಉಳದರ ನಿಮ್ಮ ಭಂಡಾರ, ಕೊಳತರ ನನ್ನ ಕೈ. ಬೀರಪ್ಪ ಹಿಂಗ ಹೇಳ್ಯಾನೇನ್ರಿ? ಹೇಳಿದ್ರ ಕರೀರಿ ಅವನ್ನ, ಇಳೀತೀನಿ."

ಸಿದ್ದಣ್ಣನವರ ಮುಖ ಕೆಂಪಗಿದೆ. ಸೂಡು ಎಸೆದು ಬೆವರಿದ ನಿತಿನ ನೆಲ ನೋಡುತ್ತ ಹೇಳುತ್ತಾನೆ, "ಅಪ್ಪಾ, ಬಿಡು. ಅದು ನಂದ ಚೂಕ. ನಾ ಉಲ್ಟಾ ಇಟ್ಟಿದ್ದೆ."

"ಇಷ್ಟ ದಿನ ಬಾಯಿಗೆ ಏನಾಗಿತ್ತಲೇ?"

"ಎಲ್ಲಾರೂ ಮಾವಶಿ ಹೆಸರು ಹೇಳಾಕತ್ತಿದ್ರು. ಸುಮ್ಮನಾದೆ."

ಸಿದ್ದಣ್ಣ ಬಟ್ಟಲನ್ನು ನೆಲಕ್ಕಿಟ್ಟು ಕಿಸೆಯಿಂದ ಕರವಸ್ತ್ರ ತೆಗೆಯುತ್ತಾರೆ. ಆಮೇಲೆ ಒಂದು ಚಿಟಿಕೆ ಭಂಡಾರವನ್ನು ಕರವಸ್ತ್ರದ ತುದಿಗೆ ಗಂಟು ಕಟ್ಟಿ, ಸೂಡು ಎಸೆದ ಹಾಗೆ ಮೇಲಕ್ಕೆ ಎಸೆಯುತ್ತಾರೆ. ರತ್ನಾಬಾಯಿ ತಪ್ಪದೆ ಹಿಡಿಯುತ್ತಾರೆ. ಹಳದಿ ಹಚ್ಚಿ, ಬುಡ ಮೇಲೆ ಮಾಡಿ, ತುದಿಯನ್ನು ಸುತ್ತಲೂ ಹರಡುತ್ತಾರೆ. "ಬೀರಪ್ಪಾ." ಈ ಸಲ ಕರೆ ಸ್ವಲ್ಪ ಉದ್ದವಾಗಿದೆ.

ನಿಮಗೆ ಇನ್ನೇನು ಬೇಕು ಎಂದು ನಾವು ಕೇಳಿದರೆ ಅವರು ಟೀಚರ್ ಕಡೆ ತಿರುಗುತ್ತಾರೆ. "ಪುಸ್ತಕದಾಗ ಆ ಗುಡ್ಡದ ಬಾಜೂಕ ನಮ್ಮದೊಂದು ಬಣವಿ ಬರಸ್ರಿ. ಗುಡ್ಡ ಯಾರೂ ಒಟ್ಟಿದ್ದಲ್ಲ."

ಕೆಳಗಿನಿಂದ ಸಿದ್ದಣ್ಣ ಕೂಗುತ್ತಾರೆ, "ಆತಲ್ಲ, ಇನ್ನರೆ ಏಣಿ ಇಳಸ್ತೀ ಏನು? ಚಾ ಆರಾಕತ್ತೇದ."

"ಇಳಸ್ತೀನ್ರಿ. ತುಸು ಕೂಡ್ತೀನಿ. ಹನ್ನೊಂದು ವರ್ಷದಾಗ ಪೂರಾ ನಾನ ಮುಗಿಸಿದ ಬಣವಿ ಇದೊಂದ."